ಎಂಜಿನ್ ರೂಮಿನಿಂದ ಯೂನಿವರ್ಸಿಟಿಗೆ ಎಷ್ಟು ದೂರ?

ಮಾರ್ಕೆಟ್ ಯಾರ್ಡಿನಲ್ಲಿ ಬೆಳಗಿನ ಹತ್ತು ಗಂಟೆ ಅಂದರೆ ಬ್ಯಾಂಕಿನವರ ಪಾಲಿಗೆ ಜಾತ್ರೆ. ಭುಸಾರ ಪೇಟೆಯ ಅಡತ್ ಅಂಗಡಿಯವರು ಹಿಂದಿನ ದಿನದ ನಗದನ್ನು ಚೀಲದಲ್ಲಿ ತುಂಬಿಕೊಂಡು ಬಂದು ನಿಂತಿರುತ್ತಾರೆ. ಹಮಾಲರು, ಟೆಂಪೋದವರು, ಬೆಲ್ಲದ ಪೇಟೆಯ ಗುಮಾಸ್ತರು ಎಲ್ಲರಿಗೂ ಅವಸರ. 1990ರ ದಶಕದ ಕೊನೆಯಲ್ಲಿ ನಾನು ಇಲ್ಲಿನ ಒಂದು ಶಾಖೆಯಲ್ಲಿ ಹೊಸ ಆಫೀಸರ್. ಕರೆಂಟು ಹೋಗುವುದು ದಿನನಿತ್ಯದ ಮಾತಾಗಿತ್ತು. ಹಿಂದಿನ ಶೆಡ್ಡಿನಲ್ಲಿ ಒಂದು ಹಳೆಯ ಡೀಸೆಲ್ ಜನರೇಟರ್ ಇತ್ತು. ಅದು ಕೆಮ್ಮಲು ಶುರು ಮಾಡಿದರೆ ಮೆಕ್ಯಾನಿಕ್ಕಿಗೆ ಫೋನ್ ಮಾಡುವ ಮೊದಲು ಎಲ್ಲರೂ ನೋಡುತ್ತಿದ್ದುದು ಕ್ಯಾಶ್ ಕೌಂಟರಿನ ಕಡೆಗೆ.

ಅಲ್ಲಿ ಕೂತಿರುತ್ತಿದ್ದವರು ಅಂಕೋಲಾ ಕಡೆಯ ಒಬ್ಬ ಕ್ಲರ್ಕ್. ಹದಿನೇಳು ವರ್ಷ ನೌಕಾಪಡೆಯಲ್ಲಿದ್ದು ಬಂದವರು. ಶಾಖೆಯ ಮರಾಠಿ ಹುಡುಗರು ಅವರನ್ನು 'ನೇವಿ ಕಾಕಾ' ಅನ್ನುತ್ತಿದ್ದರು. ಅವರು ಕೌಂಟರಿಗೆ ಬೀಗ ಹಾಕಿ ಶೆಡ್ಡಿಗೆ ಹೋಗಿ, ಕೈ ಹಿಂದೆ ಕಟ್ಟಿಕೊಂಡು ಎರಡು ನಿಮಿಷ ಎಂಜಿನ್ನಿನ ಸದ್ದು ಕೇಳುತ್ತ ನಿಲ್ಲುತ್ತಿದ್ದರು. ಆಮೇಲೆ "ಮೂರನೇ ಇಂಜೆಕ್ಟರ್ ಸಾಹೇಬ್ರೆ" ಅಂತ ಹೇಳಿ ಮತ್ತೆ ಬಂದು ನೋಟು ಎಣಿಸಲು ಕೂರುತ್ತಿದ್ದರು. ಮೆಕ್ಯಾನಿಕ್ ಬಂದು ಬಿಚ್ಚಿ ನೋಡಿದರೆ ಮೂರನೇ ಇಂಜೆಕ್ಟರೇ ಆಗಿರುತ್ತಿತ್ತು!

ಒಂದು ದಿನ ಅವರು ನನ್ನ ಟೇಬಲ್ಲಿಗೆ ಒಂದು ಅರ್ಜಿ ತಂದರು. ಬ್ಯಾಂಕಿನ ಕ್ಲರ್ಕುಗಳಿಗೆ ಡಿಗ್ರಿ ಇದ್ದರೆ ಹೆಚ್ಚುವರಿ ಇನ್‌ಕ್ರಿಮೆಂಟ್ ಸಿಗುತ್ತದಲ್ಲ, ಅದಕ್ಕೆ. ಜೊತೆಗಿದ್ದದ್ದು ನೌಕಾಪಡೆ ಕೊಟ್ಟ ಪ್ರಮಾಣಪತ್ರ, ಹದಿನೈದು ವರ್ಷಕ್ಕಿಂತ ಹೆಚ್ಚು ಸೇವೆ ಮಾಡಿದ ಇವರನ್ನು ಪದವೀಧರರಿಗೆ ಸಮಾನರೆಂದು ಪರಿಗಣಿಸಬಹುದು ಎಂದು. ನಾನು ಬಿ.ಕಾಂ. ಮುಗಿಸಿ ಬಂದವನು, ನಿಯಮದ ಪುಸ್ತಕ ಬಾಯಿಪಾಠ ಮಾಡಿಕೊಂಡಿದ್ದ ಬಿಸಿರಕ್ತ. "ಇದು ಯಾವುದೇ ವಿಶ್ವವಿದ್ಯಾಲಯ ನೀಡಿದ ಪದವಿಯಲ್ಲ" ಎಂದು ಎರಡು ಸಾಲಿನ ನೋಟ್ ಬರೆದು ಮೇಲಕ್ಕೆ ಕಳಿಸಿದೆ. ಮೇಲಿನವರು ಒಪ್ಪಿದರು, ಅರ್ಜಿ ವಾಪಸ್ಸು ಬಂತು. ಕಾಕಾ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು "ನಿಯಮ ಹಾಂಗಿದ್ರೆ ನೀವೆಂತ ಮಾಡ್ಲಿಕ್ಕಾಗ್ತದೆ" ಅಂದರು, ಅಷ್ಟೇ.

ಈಚೆಗೆ ಗದಗಿನಿಂದ ತಂಗಿಯ ಮಗ ಫೋನ್ ಮಾಡಿದ್ದ. ನೌಕಾಪಡೆಯಲ್ಲಿ ಅಗ್ನಿವೀರ. "ಮಾಮಾ, ಇಲ್ಲೆ ಇಗ್ನೋ ಡಿಗ್ರಿಗೆ ಹೆಸರು ಹಚ್ಚ್ಯಾರ. ಹೊರಗ ಬಂದ ಮ್ಯಾಲೆ ಬ್ಯಾಂಕಿನಾಗ ಇದು ನಡೀತೈತೇನ್ರಿ?" ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರ ಹುಡುಕಲು ಹೊರಟವನು ಹಳೆಯ ಸಂಗತಿಗಳಲ್ಲಿ ಸಿಕ್ಕಿಕೊಂಡೆ. ಹಡಗಿನ ಎಂಜಿನ್ ನಡೆಸುವವನಿಗೆ ಎಂಜಿನಿಯರಿಂಗ್ ಡಿಗ್ರಿ ಕೊಡಿಸಬೇಕೇ, ಬೇಡವೇ? ಇದು ನೂರೈವತ್ತು ವರ್ಷಕ್ಕೂ ಹಳೆಯ ಪ್ರಶ್ನೆ!

ಮೊದಲು ಆ ಪ್ರಮಾಣಪತ್ರದ ವಿಷಯ ಹೇಳಿಬಿಡುತ್ತೇನೆ. ಸರ್ಕಾರಿ ಬ್ಯಾಂಕುಗಳಲ್ಲಿ ಮಾಜಿ ಸೈನಿಕರಿಗೆ ಕ್ಲರ್ಕ್ ಹುದ್ದೆಗಳಲ್ಲಿ ಶೇ. 14.5, ಕೆಳಗಿನ ಸಬ್‌ಸ್ಟಾಫ್ ಹುದ್ದೆಗಳಲ್ಲಿ ಶೇ. 24.5 ಮೀಸಲಾತಿ ಇದೆ. ಆದರೆ ಹದಿನೇಳು ಹದಿನೆಂಟನೇ ವಯಸ್ಸಿಗೆ ಸೇನೆಗೆ ಸೇರಿದವನಿಗೆ ಡಿಗ್ರಿ ಎಲ್ಲಿಂದ ಬರಬೇಕು? ಅದಕ್ಕೆ 1986ರಲ್ಲಿ ಕೇಂದ್ರ ಸರ್ಕಾರ ಮಾಜಿ ಸೈನಿಕರ ಮರುನೇಮಕದ ನಿಯಮಕ್ಕೆ ತಿದ್ದುಪಡಿ ತಂದಿತು. ಮೆಟ್ರಿಕ್ ಪಾಸಾಗಿ ಹದಿನೈದು ವರ್ಷ ಸೇವೆ ಮಾಡಿದವರನ್ನು, ಪದವಿ ಬೇಕೆನ್ನುವ 'ಸಿ' ದರ್ಜೆಯ ಮೀಸಲು ಹುದ್ದೆಗಳಿಗೆ ಅರ್ಹರೆಂದು ಪರಿಗಣಿಸಬಹುದು ಎಂದಿತು. ಒಳ್ಳೆಯದೇ. ಆದರೆ ಅದರಲ್ಲೊಂದು ಷರತ್ತಿದೆ. ತಾಂತ್ರಿಕ ಅನುಭವ ಅಗತ್ಯವಿಲ್ಲದ ಹುದ್ದೆಗಳಿಗೆ ಮಾತ್ರ ಅದು ಅನ್ವಯ. ನೋಡಿ, ಇಡೀ ಯೌವನ ಯಂತ್ರದ ಮುಂದೆ ಕಳೆದವನಿಗೆ ಸಿಕ್ಕ ಕಾಗದ ಯಂತ್ರದ ಕೆಲಸವೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ನಡೆಯುತ್ತದೆ. ನೋಟ್ ಬರೆಯುವಾಗ ಇದು ನನಗೆ ಹೊಳೆದಿರಲಿಲ್ಲ. ನಿಯಮದ ಮೊದಲ ಅರ್ಧ ಓದಿ ಬರೆದಿದ್ದೆ.

ಕಾಕಾ ನೌಕಾಪಡೆಯಲ್ಲಿ ಇದ್ದದ್ದು ಆರ್ಟಿಫಿಸರ್ ಆಗಿ. ಈ ಹೆಸರು ಬಂದದ್ದು ಬ್ರಿಟಿಷ್ ನೌಕಾಪಡೆಯಿಂದ. ಹಾಯಿ ಹೋಗಿ ಉಗಿ ಬಂದಾಗ ಹಡಗಿನಲ್ಲಿ ಹೊಸ ಜಾತಿಯೊಂದು ಹುಟ್ಟಿತು, ಬಾಯ್ಲರು ಎಂಜಿನ್ನುಗಳ ಕುಶಲಕರ್ಮಿಗಳದ್ದು. 1868ರಲ್ಲಿ 'ಎಂಜಿನ್ ರೂಮ್ ಆರ್ಟಿಫಿಸರ್' ಎಂಬ ದರ್ಜೆ ಮಾಡಿದರು. ಮೊದಮೊದಲು ಹೊರಗಿನ ಕಾರ್ಖಾನೆಗಳಲ್ಲಿ ಪಳಗಿದವರನ್ನೇ ತೆಗೆದುಕೊಳ್ಳುತ್ತಿದ್ದರು. 1903ರಿಂದ ಹುಡುಗರನ್ನೇ ಆರಿಸಿ ತಾವೇ ಕಲಿಸತೊಡಗಿದರು. ಗಣಿತ, ಡ್ರಾಯಿಂಗ್, ಲೋಹದ ಕೆಲಸ, ಉಗಿಯಂತ್ರದ ಸಿದ್ಧಾಂತ ಎಲ್ಲ ಪಾಠವೂ ಉಂಟು, ಡಿಗ್ರಿ ಮಾತ್ರ ಇಲ್ಲ. ಡೆಕ್ಕಿನ ಮೇಲಿನ ಅಧಿಕಾರಿಗಳ ಕಣ್ಣಿಗೆ ಇವರು ಕೈ ಮಸಿ ಮಾಡಿಕೊಳ್ಳುವವರು. ಚರ್ಚಿಲ್ ನೌಕಾಪಡೆಯ ಮಂತ್ರಿಯಾಗಿದ್ದಾಗ 1912ರಲ್ಲಿ ಕೆಳದರ್ಜೆಯ ನಾವಿಕರಿಗೂ ಅಧಿಕಾರಿಯಾಗುವ ಒಂದು ಕಿರುದಾರಿ ತೆರೆದರು, ಅಷ್ಟರಮಟ್ಟಿಗೆ.

ಆ ಪದ್ಧತಿಯೇ ನಮ್ಮಲ್ಲಿಗೂ ಬಂತು. ಪುಣೆಯಿಂದ ಲೋಕಲ್ ರೈಲು ಹತ್ತಿ ಲೋನಾವಳಕ್ಕೆ ಚಿಕ್ಕಿ ತರಲು ಹೋಗುತ್ತೇವಲ್ಲ, ಅಲ್ಲಿಯೇ ನೌಕಾಪಡೆಯ ಎಂಜಿನ್ ಪಾಠಶಾಲೆ ಇದೆ, ಶಿವಾಜಿ. 1945ರ ಫೆಬ್ರುವರಿಯಲ್ಲಿ ಬ್ರಿಟಿಷರ ಕಾಲದಲ್ಲಿ ಶುರುವಾದದ್ದು, ಈಗ ಐಎನ್‌ಎಸ್ ಶಿವಾಜಿ. ಸಮುದ್ರವೇ ಇಲ್ಲದ ಬೆಟ್ಟದ ಮೇಲೆ ನಾವಿಕರ ಶಾಲೆ! ವಿದ್ಯುತ್ತಿನ ಕೆಲಸದವರಿಗೆ ಜಾಮನಗರದ ವಾಲ್ಸುರಾ. ಕಾಕಾ ಕಲಿತದ್ದು ಲೋನಾವಳದಲ್ಲಿ, ಆಮೇಲೆ ಮುಂಬಯಿಯ ಮಝಗಾಂವ್ ಡಾಕಿನಲ್ಲಿ ಕಟ್ಟಿದ ಒಂದು ಫ್ರಿಗೇಟಿನಲ್ಲಿ ಕೆಲಸ. 1972ರಲ್ಲಿ ಸೇವೆಗೆ ಬಂದ ನೀಲಗಿರಿಯ ವರ್ಗದ ಹಡಗುಗಳವು. ಎರಡು ಬಾಯ್ಲರು, ಉಗಿ ಟರ್ಬೈನು, ಮೂವತ್ತು ಸಾವಿರ ಅಶ್ವಶಕ್ತಿ. ಬೇಸಿಗೆಯಲ್ಲಿ ಬಾಯ್ಲರ್ ರೂಮಿನ ಕಬ್ಬಿಣದ ಏಣಿಯನ್ನು ಬರಿಗೈಯಲ್ಲಿ ಹಿಡಿಯುವ ಹಾಗಿರಲಿಲ್ಲವಂತೆ.

ಕಲಿತ ನಾವಿಕರನ್ನು ಕೆಳಗೇ ಇಟ್ಟರೆ ಏನಾಗುತ್ತದೆ ಎನ್ನುವುದಕ್ಕೆ 1946ರ ಘಟನೆ ಇದೆ. ನಮ್ಮ ಶಾಲೆಯ ಪುಸ್ತಕದಲ್ಲಿ ಅದು ಅರ್ಧ ಸಾಲಿನ ವಿಷಯವಾಗಿತ್ತು, 'ಮುಂಬಯಿಯಲ್ಲಿ ನಾವಿಕರ ದಂಗೆ'. ಎರಡನೇ ಮಹಾಯುದ್ಧದಲ್ಲಿ ಆಗಿನ ರಾಯಲ್ ಇಂಡಿಯನ್ ನೇವಿ ಹತ್ತು ಪಟ್ಟಿಗೂ ಹೆಚ್ಚು ಬೆಳೆದಿತ್ತು. ರೇಡಿಯೋ, ಸಂಕೇತ, ಯಂತ್ರ ಇವಕ್ಕೆಲ್ಲ ಓದಿದ ಹುಡುಗರೇ ಬೇಕು. ಹಾಗೆ ಸೇರಿದವರು ಕೊಲಾಬಾದ ಎಚ್‌ಎಂಐಎಸ್ ತಲ್ವಾರ್ ಎಂಬ ಸಂಕೇತಶಾಲೆಯಲ್ಲಿ ತುಂಬಿದ್ದರು. ಫೆಬ್ರುವರಿ 18ರಂದು ಅಲ್ಲಿ ಊಟದ ತಟ್ಟೆಯಿಂದ ಮುಷ್ಕರ ಶುರುವಾಯಿತು. ಕಮಾಂಡರನ ಬೈಗುಳ, ಬ್ರಿಟಿಷ್ ನಾವಿಕರಿಗಿಂತ ಕಡಿಮೆ ಸಂಬಳ, ಆಜಾದ್ ಹಿಂದ್ ಸೇನೆಯ ಕೈದಿಗಳ ಬಿಡುಗಡೆ ಎಲ್ಲವೂ ಸೇರಿಕೊಂಡವು. 78 ಹಡಗು, 20 ದಡದ ಠಾಣೆ, ಇಪ್ಪತ್ತು ಸಾವಿರ ನಾವಿಕರು. ಪಟೇಲರು, ಜಿನ್ನಾ ಇಬ್ಬರೂ ಹೇಳಿದ ಮೇಲೆ 23ಕ್ಕೆ ಶರಣಾದರು. ಪಾಟ್ನಾದ ಮುಖ್ಯ ನ್ಯಾಯಾಧೀಶ ಫಜಲ್ ಅಲಿ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಆಯೋಗ ಕೂತಿತು. ಇದರ ಹಿಂದೆ ದೇಶಪ್ರೇಮ ಎಷ್ಟು, ಹೊಟ್ಟೆಯ ಸಿಟ್ಟು ಎಷ್ಟು ಎಂದು ಇತಿಹಾಸಕಾರರು ಜಗಳವಾಡುತ್ತಾರೆ. ನನಗೆ ಕಾಣುವುದು ಇನ್ನೊಂದು. ಓದಿದ ಹುಡುಗ, ಕೆಲಸ ಬಲ್ಲ ಹುಡುಗ, ಮೇಲಕ್ಕೆ ಏಣಿ ಇಲ್ಲ. ಇಂಥವನು ಬೇಳೆಯಲ್ಲಿ ಕಲ್ಲು ಸಿಕ್ಕಿದರೆ ಸುಮ್ಮನಿರುವುದಿಲ್ಲ.

ಏಣಿ ಎಂದಾಗ ಪುಣೆಯ ಮಾತು ಬರಲೇಬೇಕು. ಭೂಸೇನೆಯಲ್ಲಿ ಸಿಪಾಯಿಗಳನ್ನು ಓದಿಸಿ ಅಧಿಕಾರಿ ಮಾಡುವ ಕೆಲಸ ಬ್ರಿಟಿಷರ ಕಾಲದಲ್ಲೇ ಶುರುವಾಗಿತ್ತು. 1929ರಲ್ಲಿ ಬುಂದೇಲಖಂಡದ ನೌಗಾಂವ್‌ನಲ್ಲಿ ಕಿಚನರ್ ಕಾಲೇಜು ತೆರೆದರು. 1932ರಲ್ಲಿ ದೆಹರಾದೂನಿನ ಮಿಲಿಟರಿ ಅಕಾಡೆಮಿ ಆರಂಭವಾದಾಗ ಮೊದಲ ತಂಡದ ನಲವತ್ತು ಜನರಲ್ಲಿ ಹದಿನೈದು ಜಾಗ ಸೇನೆಯಲ್ಲಿ ಸಿಪಾಯಿಗಳಾಗಿದ್ದವರಿಗೇ ಇತ್ತು. ಮಾಣೆಕ್‌ಷಾ ಇದ್ದ ಅದೇ ತಂಡದಲ್ಲಿ ಸಿಪಾಯಿಯಾಗಿ ಸೇರಿ ನೌಗಾಂವ್ ಹಾದು ಬಂದ ಮೊಹಮ್ಮದ್ ಮೂಸಾ ಎಂಬವರೂ ಇದ್ದರು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇನೆಯ ಮುಖ್ಯಸ್ಥರಾಗಿದ್ದವರು ಅವರೇ. ಏಣಿ ಗಟ್ಟಿಯಾಗಿಯೇ ಇತ್ತು, ಹತ್ತಿದವರು ಯಾವ ಕಡೆ ಇಳಿದರು ಎನ್ನುವುದು ಬೇರೆ ಮಾತು.

ಸ್ವಾತಂತ್ರ್ಯದ ನಂತರ 1960ರಲ್ಲಿ ಅದಕ್ಕೆ 'ಆರ್ಮಿ ಕೆಡೆಟ್ ಕಾಲೇಜು' ಎಂದು ಹೊಸ ರೂಪ ಸಿಕ್ಕಿತು, ನಡೆದದ್ದು ನಮ್ಮ ಪುಣೆಯಲ್ಲಿ. 1977ರಲ್ಲಿ ಅದು ದೆಹರಾದೂನಿಗೆ ಹೋಯಿತು. ಹಾಗಾಗಿ ಇವತ್ತು ಪುಣೆಯ ರಿಕ್ಷಾದವರನ್ನು ಕೇಳಿದರೆ ಎನ್‌ಡಿಎ ಗೊತ್ತು, ಎಎಫ್‌ಎಂಸಿ ಗೊತ್ತು, ಈ ಕಾಲೇಜು ಯಾರಿಗೂ ಗೊತ್ತಿಲ್ಲ. ಅಲ್ಲಿಗೆ ಮೂರೂ ಪಡೆಗಳ ಕೆಳದರ್ಜೆಯವರು ಅರ್ಜಿ ಹಾಕಬಹುದು, ನಾವಿಕರೂ ಸೇರಿದಂತೆ. ಮೂರು ವರ್ಷ ಓದು, ಈಗ ಅದಕ್ಕೆ ಜೆಎನ್‌ಯುವಿನ ಬಿ.ಎ. ಅಥವಾ ಬಿ.ಎಸ್ಸಿ., ಆಮೇಲೆ ಒಂದು ವರ್ಷ ಮಿಲಿಟರಿ ಅಕಾಡೆಮಿ. ಎಂಜಿನಿಯರ್ಸ್, ಸಿಗ್ನಲ್ಸ್ ಇಂಥ ವಿಭಾಗ ಸಿಕ್ಕಿದರೆ ಮುಂದೆ ಎಂಜಿನಿಯರಿಂಗ್ ಡಿಗ್ರಿಗೂ ಕಳಿಸುತ್ತಾರೆ. ಅದರಲ್ಲೊಂದು ಕಾಲೇಜು ಪುಣೆಯ ದಾಪೋಡಿಯಲ್ಲೇ ಇದೆ, ಕಾಲೇಜ್ ಆಫ್ ಮಿಲಿಟರಿ ಎಂಜಿನಿಯರಿಂಗ್. 1948ರಲ್ಲಿ ಈ ಜಾಗಕ್ಕೆ ಬಂದದ್ದು.

ಅಂದರೆ ಎಂಜಿನ್ ರೂಮಿನ ನಾವಿಕನೊಬ್ಬ ಎಂಜಿನಿಯರಿಂಗ್ ಪದವೀಧರ ಆಗಲು ಒಂದು ಅಧಿಕೃತ ದಾರಿ ಇತ್ತು. ಆದರೆ ಅದಕ್ಕೆ ಅವನು ಸಮುದ್ರ ಬಿಡಬೇಕು, ಹಡಗು ಬಿಡಬೇಕು, ಕಲಿತ ಬಾಯ್ಲರು ಟರ್ಬೈನು ಬಿಟ್ಟು ಭೂಸೇನೆಯ ಅಧಿಕಾರಿ ಆಗಬೇಕು. ಕಾಕಾನನ್ನು ಒಮ್ಮೆ ಕೇಳಿದ್ದೆ, ನೀವು ಯಾಕೆ ಬರೆಯಲಿಲ್ಲ ಎಂದು. "ನಂಗೆ ಹಡಗು ಬೇಕಿತ್ತು ಸಾಹೇಬ್ರೆ, ಆಫೀಸರಗಿರಿ ಅಲ್ಲ" ಅಂದಿದ್ದರು.

ನೌಕಾಪಡೆಯೊಳಗೇ ಎರಡು ಮೆಟ್ಟಿಲುಗಳಿವೆ. ಚಿಕ್ಕ ವಯಸ್ಸಿನಲ್ಲೇ ಚುರುಕಾದವರನ್ನು ಗುರುತಿಸಿ ಅಧಿಕಾರಿ ಮಾಡುವ 'ಕಮಿಷನ್ ವರ್ದಿ' ಒಂದು, ಅನುಭವಸ್ಥ ಹಿರಿಯರಿಗೆ 'ಸ್ಪೆಷಲ್ ಡ್ಯೂಟೀಸ್' ಇನ್ನೊಂದು. ಎರಡನೆಯದರಲ್ಲಿ ಒಂದು ಹಂತದ ಮೇಲೆ ಹೋಗುವುದು ಕಷ್ಟ. ಹೆಗಲಿಗೆ ಪಟ್ಟಿ ಬರುತ್ತದೆ, ಆದರೆ ಯೂನಿವರ್ಸಿಟಿಯ ಬಾಗಿಲು ತೆರೆಯುವುದು ಇದರ ಉದ್ದೇಶವಲ್ಲ. ಕಾಸರಗೋಡು ಜಿಲ್ಲೆ ದಾಟಿದ ಕೂಡಲೇ ಸಿಗುವ ಏಳಿಮಲದಲ್ಲಿ 2009ರಲ್ಲಿ ಉದ್ಘಾಟನೆಯಾದ ನೌಕಾ ಅಕಾಡೆಮಿಯಲ್ಲಿ ಕೆಡೆಟ್‌ಗಳಿಗೆ ಬಿ.ಟೆಕ್. ಕೊಟ್ಟೇ ಹೊರಗೆ ಕಳಿಸುತ್ತಾರೆ. ಅದು ನೇರವಾಗಿ ಅಧಿಕಾರಿಯಾಗಿ ಬರುವ ಹುಡುಗರಿಗೆ.

ಇದನ್ನೇ ಅಮೆರಿಕದವರು ಬೇರೆ ರೀತಿ ಮಾಡಿದರು. 1957ರಲ್ಲಿ ರಷ್ಯಾದ ಸ್ಪುಟ್ನಿಕ್ ಹಾರಿ ಅವರ ನಿದ್ದೆ ಕೆಡಿಸಿತಲ್ಲ, ಆ ದಿನಗಳಲ್ಲಿ ಅವರ ನೌಕಾಪಡೆ 'ನೇವಿ ಎನ್‌ಲಿಸ್ಟೆಡ್ ಸೈಂಟಿಫಿಕ್ ಎಜುಕೇಶನ್ ಪ್ರೋಗ್ರಾಂ' ಎಂಬ ಯೋಜನೆ ಹೂಡಿತು. ಎಲ್ಲರೂ ಕರೆದದ್ದು ನೆಸೆಪ್ ಎಂದು. ಹಡಗಿನಲ್ಲಿ, ಸಬ್‌ಮರೀನಿನಲ್ಲಿ ದುಡಿಯುತ್ತಿರುವ ಸಾಮಾನ್ಯ ನಾವಿಕರನ್ನು ಪರೀಕ್ಷೆ ಮಾಡಿ ಆರಿಸುವುದು. ಗಣಿತ ಮರೆತಿದ್ದರೆ ಸ್ವಲ್ಪ ಕಾಲ ತಿದ್ದಿಸುವುದು. ಆಮೇಲೆ ಮಾಮೂಲಿ ಯೂನಿವರ್ಸಿಟಿಗೆ, ಬೇರೆ ಹುಡುಗ ಹುಡುಗಿಯರ ಜೊತೆಗೇ ಕೂರಿಸಿ, ಎಂಜಿನಿಯರಿಂಗ್ ಅಥವಾ ವಿಜ್ಞಾನ ಓದಿಸುವುದು. ಫೀಸು ನೌಕಾಪಡೆಯದು, ಸಂಬಳವೂ ನಿಲ್ಲುವುದಿಲ್ಲ. ಮುಗಿದ ಮೇಲೆ ಅಧಿಕಾರಿಯಾಗಿ ಇಂತಿಷ್ಟು ವರ್ಷ ದುಡಿಯುವ ಕರಾರು. 1970ರ ದಶಕದಲ್ಲಿ ಇದನ್ನು ನಿಲ್ಲಿಸಿದರು, ಈಗ ಬೇರೆ ಹೆಸರಿನ ಯೋಜನೆ ಇದೆ.

ಮೈಕೆಲ್ ಮೆಕಲಿ ಎಂಬವರ ಕಥೆ ನೋಡಿ. ಹೈಸ್ಕೂಲು ಮುಗಿಸಿ ನಾವಿಕನಾಗಿ ಸೇರಿ, ಒಂದು ಡೀಸೆಲ್ ಮತ್ತು ಎರಡು ಪರಮಾಣು ಸಬ್‌ಮರೀನುಗಳಲ್ಲಿ ಕೆಲಸ ಮಾಡಿದರು. 1965ರಲ್ಲಿ ಪರ್ಡ್ಯೂ ಯೂನಿವರ್ಸಿಟಿ ಸೇರಿ, 1970ರಲ್ಲಿ ಲೋಹಶಾಸ್ತ್ರದ ಎಂಜಿನಿಯರಿಂಗ್‌ನಲ್ಲಿ ಎರಡು ಡಿಗ್ರಿ ಪಡೆದು ಅಧಿಕಾರಿಯಾದರು. 1989ರ ಅಕ್ಟೋಬರಿನಲ್ಲಿ ಅಟ್ಲಾಂಟಿಸ್ ಶಟಲ್ಲಿನ ಪೈಲಟ್ ಆಗಿ ಬಾಹ್ಯಾಕಾಶಕ್ಕೆ ಹೋದರು. ಗುರುಗ್ರಹಕ್ಕೆ ಗೆಲಿಲಿಯೋ ನೌಕೆಯನ್ನು ಕಳಿಸಿದ ಯಾನ ಅದು. ನೀರಿನ ಅಡಿಯಿಂದ ಆಕಾಶದವರೆಗೆ!

ಬ್ಯಾಂಕಿನವನಾಗಿ ನಾನು ಲೆಕ್ಕ ಹಾಕುವುದು ಹೀಗೆ. ನಾಲ್ಕು ವರ್ಷದ ಸಂಬಳ, ಫೀಸು ಇದು ಸಾಲ. ಅಡಮಾನ ಏನು? ಆ ಮನುಷ್ಯನ ಮುಂದಿನ ಸೇವೆ, ಜೊತೆಗೆ ಈಗಾಗಲೇ ಎಂಜಿನ್ ಮುಂದೆ ನಿಂತು ಸಾಬೀತಾದ ಕೈ. ಹೊಸಬನಿಗೆ ಕೊಡುವ ಸಾಲಕ್ಕಿಂತ ಇದು ಭದ್ರ. ಹೀಗಿದ್ದೂ ನಮ್ಮಲ್ಲಿ ಇದನ್ನು ಯಾಕೆ ದೊಡ್ಡದಾಗಿ ಮಾಡಲಿಲ್ಲ ಎಂದರೆ, ದುಡ್ಡಿನ ಕೊರತೆ ಒಂದೇ ಕಾರಣ ಎಂದು ನನಗನ್ನಿಸುವುದಿಲ್ಲ. ಕೈಯಲ್ಲಿ ಸ್ಪ್ಯಾನರ್ ಹಿಡಿಯುವವನು ಬೇರೆ, ನಕ್ಷೆಗೆ ಸಹಿ ಹಾಕುವವನು ಬೇರೆ ಎನ್ನುವ ಬುದ್ಧಿ ನಮ್ಮಲ್ಲಿ ಬ್ರಿಟಿಷರಿಗಿಂತ ಹಳೆಯದು.

ಸರ್ಕಾರಿ ದುಡ್ಡಿನಲ್ಲಿ ಓದಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಕನ್ನಡಿಗರಿಗೆ ಅಮೆರಿಕದ ಉದಾಹರಣೆಯೂ ಬೇಕಿಲ್ಲ. ಬಡ ಮನೆಯ ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಓದಿದ್ದು ಇದೇ ಪುಣೆಯ ಕಾಲೇಜ್ ಆಫ್ ಸೈನ್ಸ್‌ನಲ್ಲಿ, ಈಗಿನ ಸಿಓಇಪಿಯಲ್ಲಿ. 1883ರಲ್ಲಿ ಮೊದಲ ಸ್ಥಾನದಲ್ಲಿ ಪಾಸಾದರು. ಅದಕ್ಕೆ ಎದುರಾಗಿ ಲಕ್ಷ್ಮಣರಾವ್ ಕಿರ್ಲೋಸ್ಕರ್. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು. ಓದಿದ್ದು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ, ಎಂಜಿನಿಯರಿಂಗ್ ಡಿಗ್ರಿ ಇಲ್ಲ. ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಮೇಷ್ಟರಾಗಿದ್ದಾಗ ಬಡ್ತಿಯನ್ನು ಆಂಗ್ಲೋ ಇಂಡಿಯನ್ ಒಬ್ಬರಿಗೆ ಕೊಟ್ಟರೆಂದು ಬಿಟ್ಟು ಬಂದು, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿ, ಆಮೇಲೆ ಕಾರ್ಖಾನೆ ಕಟ್ಟಿದರು. ನಮ್ಮ ಶಾಖೆಯ ಶೆಡ್ಡಿನಲ್ಲಿದ್ದದ್ದೂ ಕಿರ್ಲೋಸ್ಕರ್ ಎಂಜಿನ್ನೇ. ಆದರೆ ಎಲ್ಲರೂ ಕಾರ್ಖಾನೆ ಕಟ್ಟಲು ಆಗುತ್ತದೆಯೇ? ಉಳಿದವರಿಗೆ ಕಾಗದ ಬೇಕೇ ಬೇಕು.

ಯಾರೂ ಕಳಿಸದಿದ್ದಾಗ ನಮ್ಮ ನಾವಿಕರು, ವಾಯುಪಡೆಯ ಏರ್‌ಮನ್‌ಗಳು ತಾವೇ ಹುಡುಕಿಕೊಂಡ ದಾರಿ ಎಎಂಐಇ. ಬೆಂಗಳೂರಿನ ಜಾಲಹಳ್ಳಿಯಲ್ಲಿ, ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದವರ ಮನೆಗಳಲ್ಲಿ ಈ ನಾಲ್ಕಕ್ಷರ ಗೊತ್ತಿರುತ್ತದೆ. 1920ರಲ್ಲಿ ಹುಟ್ಟಿದ ಕಲ್ಕತ್ತೆಯ ಇನ್‌ಸ್ಟಿಟ್ಯೂಶನ್ ಆಫ್ ಎಂಜಿನಿಯರ್ಸ್ ನಡೆಸುವ ಪರೀಕ್ಷೆ ಅದು. ಕಾಲೇಜಿಲ್ಲ, ಮೇಷ್ಟರಿಲ್ಲ. ಸೆಕ್ಷನ್ ಎ, ಸೆಕ್ಷನ್ ಬಿ ಎರಡನ್ನೂ ದಾಟಿದರೆ ಸರ್ಕಾರಿ ನೌಕರಿಗೆ ಬಿ.ಇ.ಗೆ ಸಮಾನ. ದಾಟುವುದು ಸುಲಭವಲ್ಲ, ವರ್ಷಗಟ್ಟಲೆ ಎಳೆಯುತ್ತಿತ್ತು. ಹಡಗು ಸಮುದ್ರದಲ್ಲಿದ್ದಾಗ ಪರೀಕ್ಷೆಯ ತಾರೀಕು ಬಂದರೆ ಆರು ತಿಂಗಳು ಹೋಯಿತೆಂದೇ ಲೆಕ್ಕ.

ಕಾಕಾ ನೌಕಾಪಡೆಯಲ್ಲಿದ್ದಾಗ ಸೆಕ್ಷನ್ ಎ ಮುಗಿಸಿದ್ದರು. ಇದು ನನಗೆ ತಿಳಿದದ್ದು ಆ ನೋಟ್ ಬರೆದು ಎಷ್ಟೋ ತಿಂಗಳ ಮೇಲೆ. ಒಂದು ಶನಿವಾರ ಅಪ್ಪಾ ಬಳವಂತ ಚೌಕದ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕರು. ಕೈಯಲ್ಲಿ ಗ್ರೇವಾಲರ ಗಣಿತ, ತೇರಾಜಾ ಅವರ ಎಲೆಕ್ಟ್ರಿಕಲ್ ಪುಸ್ತಕ. "ಮಗಳಿಗಾ?" ಅಂದೆ. "ಅಲ್ಲ, ನಂಗೆ. ಸೆಕ್ಷನ್ ಬಿ ಬಾಕಿ ಉಂಟು" ಅಂದರು. ನಲವತ್ತು ದಾಟಿದ ಮನುಷ್ಯ, ದಿನವಿಡೀ ಮಾರ್ಕೆಟ್ ಯಾರ್ಡಿನ ಧೂಳು ಹಿಡಿದ ನೋಟು ಎಣಿಸಿ, ರಾತ್ರಿ ಕೂತು ಇಂಟಿಗ್ರೇಶನ್ ಮಾಡುತ್ತಿದ್ದರು. ನನಗೆ ಆ ಅಂಗಡಿಯ ಮೆಟ್ಟಿಲ ಮೇಲೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಎರಡು ವಿಷಯ ಪಾಸಾದರು ಎಂದು ಕೇಳಿದ್ದೆ. ಆಮೇಲೆ ನನಗೆ ಬೇರೆ ಊರಿಗೆ ವರ್ಗವಾಯಿತು. ಆ ದಾರಿಯೂ ಹೆಚ್ಚು ಕಾಲ ಉಳಿಯಲಿಲ್ಲ. 2012ರ ಡಿಸೆಂಬರಿನ ಆದೇಶದ ಪ್ರಕಾರ 2013ರ ಮೇ 31ರೊಳಗೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಎಎಂಐಇ ಮಾನ್ಯತೆ.

ಈಗ ಸೋದರಳಿಯನ ಪ್ರಶ್ನೆಗೆ ಬರುತ್ತೇನೆ. 2022ರ ಜೂನಿನಲ್ಲಿ ಅಗ್ನಿಪಥ ಬಂದ ಬೆನ್ನಿಗೇ ಕೇಂದ್ರ ಶಿಕ್ಷಣ ಸಚಿವಾಲಯ ಇಗ್ನೋ ಮೂಲಕ ಮೂರು ವರ್ಷದ ಪದವಿ ಪ್ರಕಟಿಸಿತು. ಅದಕ್ಕೆ ಬೇಕಾದ ಕ್ರೆಡಿಟ್‌ಗಳಲ್ಲಿ ಅರ್ಧ ಸೇನೆಯೊಳಗಿನ ತರಬೇತಿಗೇ ಸಿಗುತ್ತದೆ, ಇನ್ನರ್ಧಕ್ಕೆ ಓದಬೇಕು. ಇದು ಎಂಜಿನಿಯರಿಂಗ್ ಡಿಗ್ರಿ ಅಲ್ಲ. ಆದರೆ ಎಂಜಿನ್ ರೂಮಿನಲ್ಲಿ ಕಲಿತದ್ದೂ ಯೂನಿವರ್ಸಿಟಿಯ ಅಂಕಪಟ್ಟಿಯಲ್ಲಿ ಲೆಕ್ಕಕ್ಕೆ ಬರುತ್ತದೆ ಎಂದಾಯಿತಲ್ಲ. ಇಗ್ನೋ ಕೇಂದ್ರೀಯ ವಿಶ್ವವಿದ್ಯಾಲಯ, ಅದರ ಡಿಗ್ರಿ ಡಿಗ್ರಿಯೇ. 'ವಿಶ್ವವಿದ್ಯಾಲಯ ನೀಡಿದ ಪದವಿಯಲ್ಲ' ಎಂದು ಯಾವ ಹೊಸ ಆಫೀಸರನೂ ಅದರ ಮೇಲೆ ನೋಟ್ ಬರೆಯಲಾರ. ನಾಲ್ಕು ವರ್ಷಕ್ಕೆ ಹೊರಗೆ ಬರುವ ಹುಡುಗನಿಗೆ ಕಾಕಾನ ಹದಿನೇಳು ವರ್ಷದ ಕೈಪಳಗು ಎಲ್ಲಿಂದ ಬರಬೇಕು 
ಎನ್ನುವುದು ಬೇರೆ ಚಿಂತೆ.

ಇಷ್ಟೆಲ್ಲ ಬರೆದ ಮೇಲೆ ಅಂಕೋಲಾಕ್ಕೆ ಫೋನ್ ಮಾಡಿದೆ. ಕಾಕಾ ನಿವೃತ್ತರಾಗಿ ಊರಲ್ಲೇ ಇದ್ದಾರೆ. ಹಳೆಯ ನೋಟಿನ ವಿಷಯ ತೆಗೆದು, ತಪ್ಪಾಯಿತು ಅಂದೆ. "ಅಯ್ಯೋ, ಅದು ಇನ್ನೂ ನೆನಪುಂಟಾ ನಿಮ್ಗೆ?" ಎಂದು ನಕ್ಕರು. ಸೆಕ್ಷನ್ ಬಿ ಏನಾಯಿತು ಎಂದು ಕೇಳಿದೆ. ಎರಡು ಪೇಪರ್ ಉಳಿದವಂತೆ. ಆಮೇಲೆ ನನ್ನ ಸೋದರಳಿಯ ಯಾವ ವಿಭಾಗ, ಯಾವ ಊರು ಎಂದೆಲ್ಲ ವಿಚಾರಿಸಿ ಹೇಳಿದರು. "ಹುಡುಗಂಗೆ ಒಂದು ಮಾತು ಹೇಳಿ ಸಾಹೇಬ್ರೆ. ಪ್ರತಿ ಕೋರ್ಸ್ ಮುಗಿದ ಕೂಡ್ಲೆ ಅದರ ಸರ್ಟಿಫಿಕೇಟು, ಗಂಟೆಗಳ ಲೆಕ್ಕ ಎಲ್ಲ ಬರೆಸಿ, ಸಹಿ ಹಾಕ್ಸಿ, ಕಾಪಿ ಮನೆಗೆ ಕಳ್ಸಲಿ. ಹಡಗು ಬಿಟ್ಟ ಮೇಲೆ ಅದು ಸಿಗೂದಿಲ್ಲ."

ಆ ಸಂಜೆಯೇ ಗದಗಿಗೆ ಫೋನ್ ಮಾಡಿ ತಂಗಿಗೆ ಒಂದು ಫೈಲು ತಂದಿಡಲು ಹೇಳಿದೆ.